ದಂಡನಾಯಕನ ಡೇರೆ, ಸೆಲಿನಾಳ ಬೀಗದ ಕೈ

ಯುಗಾದಿಗೆ ಇನ್ನು ಹದಿನೈದು ದಿನ ಇದೆ ಎನ್ನುವಾಗ ನಮ್ಮ ಮನೆಗಳಲ್ಲಿ ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ತಳ ತೂತಾದ ಕೊಡ, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಮಕ್ಕಳ ಹಳೇ ತೊಟ್ಟಿಲು, ಯಾರ ಕಾಲದ್ದೋ ತುಕ್ಕು ಹಿಡಿದ ಟ್ರಂಕು. ಇವನ್ನೆಲ್ಲ ಅಂಗಳದಲ್ಲಿ ಹರವಿಕೊಂಡು ಕೂತ ಗೃಹಿಣಿಗೆ ಮೊದಲು ಬರುವ ಯೋಚನೆ, "ಇದನ್ನು ಒಮ್ಮೆ ಹೊರಗೆ ಹಾಕಿದರೆ ಸಾಕಪ್ಪಾ" ಎಂಬುದೇ ಅಲ್ಲವೇ?

ನಾನೂ ಹಾಗೇ ಮಾಡಿದವಳು. ನಮ್ಮ ಮಾವನವರು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿದ್ದು ಪೆನ್ಶನ್ ಬಂದವರು. ಅವರು ತೀರಿಕೊಂಡು ಮೂರು ವರ್ಷವಾದ ಮೇಲೆ ಅವರ ಕರೀ ಟ್ರಂಕು ತೆರೆದೆ. ಒಳಗೆ ಅವರ ಮಿಲಿಟರಿ ಓವರ್‌ಕೋಟು. ಹೆಣಭಾರ, ಅಲ್ಲಲ್ಲಿ ನುಸಿ ತಿಂದಿತ್ತು. ಅದೇ ದಿನ ಹಳೇ ಬಟ್ಟೆಗೆ ಭಾಂಡೆ ಸಾಮಾನು ಕೊಡುವಾಕೆ ಬಾಗಿಲಿಗೆ ಬಂದಳು. ಕೋಟು ಕೊಟ್ಟು ಮುಚ್ಚಳದ ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡೆ. ಒಳ್ಳೇ ವ್ಯಾಪಾರ ಮಾಡಿದೆ ಅಂತ ಸಂಜೆ ನಮ್ಮವರಿಗೆ ತೋರಿಸಿದೆ. ಅವರು ಡಬ್ಬಿಯನ್ನು ತಿರುಗಿಸಿ ನೋಡಿ, ಏನೂ ಅನ್ನದೆ ಕಟ್ಟೆಗೆ ಹೋಗಿ ಕೂತರು. ಅತ್ತೆಯವರು ಮಾತ್ರ ಒಂದು ತಿಂಗಳಾದ ಮೇಲೆ, ಮಳೆಗಾಲದ ಥಂಡಿಯಲ್ಲಿ, "ಆ ಕೋಟು ಎಲ್ಲಿ ಇಟ್ಟೀಯವ್ವಾ, ಕಾಲ ಮ್ಯಾಲೆ ಹಾಕ್ಕೋತೀನಿ" ಅಂದರು. ಆಗ ನನಗೆ ಉತ್ತರ ತೋಚಲಿಲ್ಲ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವರ್ಷ ದೂರದ ಅಮೆರಿಕದಲ್ಲಿ ಇನ್ನೊಬ್ಬ ಸೈನಿಕನ ಹಳೇ ಸಾಮಾನು ನೋಡಿದಾಗ ಆ ಸ್ಟೀಲಿನ ಡಬ್ಬಿಯೇ ಕಣ್ಣ ಮುಂದೆ ಬಂದು ನಿಂತಿತು.

ತಂಗಿಯ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ರವಿವಾರ ತಂಗಿಯ ಯಜಮಾನರು ನಮ್ಮನ್ನು ಫಿಲಡೆಲ್ಫಿಯಾ ಪಟ್ಟಣಕ್ಕೆ ಕರೆದುಕೊಂಡು ಹೋದರು. ಅಮೆರಿಕ ತಾನು ಸ್ವತಂತ್ರವೆಂದು 1776ರಲ್ಲಿ ಸಾರಿದ್ದು ಈ ಊರಿನಲ್ಲಿಯೇ. ಅಲ್ಲಿನ ಸ್ವಾತಂತ್ರ್ಯ ಯುದ್ಧದ ವಸ್ತು ಸಂಗ್ರಹಾಲಯ 2017ರ ಏಪ್ರಿಲ್ 19ರಂದು ತೆರೆದದ್ದಂತೆ. "ಅಕ್ಕಾರ, ಇಲ್ಲಿ ಒಂದು ಡೇರೆ ಐತಿ, ಅದನ್ನ ನೋಡಲೇಬೇಕ್ರಿ" ಅಂದರು. ನನಗೆ ನಗು ಬಂತು. ಡೇರೆ ನೋಡುವುದಕ್ಕೆ ಸಮುದ್ರ ದಾಟಿ ಬರಬೇಕೇ? ನಮ್ಮೂರ ಜಾತ್ರೆಯಲ್ಲಿ ಮಿಠಾಯಿ ಅಂಗಡಿಯವರು ಹಾಕುವುದಿಲ್ಲವೇ?

ಆದರೆ ಒಳಗೆ ಕೂರಿಸಿದ ರೀತಿಯೇ ಬೇರೆ. ಚಿಕ್ಕದೊಂದು ಸಿನಿಮಾ ಕೋಣೆ. ಮೊದಲು ಸ್ವಲ್ಪ ಹೊತ್ತು ಕತೆ ತೋರಿಸಿದರು. ಆಮೇಲೆ, ಗುಡಿಯಲ್ಲಿ ಮಂಗಳಾರತಿ ಹೊತ್ತಿಗೆ ಗರ್ಭಗುಡಿಯ ಪರದೆ ಸರಿಸುತ್ತಾರಲ್ಲ, ಹಾಗೆ ಎದುರಿನ ಪರದೆ ಸರಿಯಿತು. ಗಾಜಿನ ಹಿಂದೆ ಮಬ್ಬು ಬೆಳಕಿನಲ್ಲಿ ಒಂದು ಡೇರೆ ನಿಂತಿತ್ತು. ಫೋಟೋ ತೆಗೆಯುವಂತಿಲ್ಲ. ಅಷ್ಟು ಜನರಿದ್ದರೂ ಒಂದು ಪಿಸುಮಾತಿಲ್ಲ. ನಮ್ಮ ಕೂಸೂ ಸುಮ್ಮನಿತ್ತು ಅನ್ನಿ!

ಅದು ಜಾರ್ಜ್ ವಾಷಿಂಗ್‌ಟನ್ನನ ಡೇರೆ. ಒಂದು ಡಾಲರಿನ ನೋಟಿನ ಮೇಲಿರುವ ಮುಖ ಅವನದೇ. ಅವನು ಅಮೆರಿಕದ ಮೊದಲನೆಯ ಅಧ್ಯಕ್ಷನೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಧ್ಯಕ್ಷನಾಗುವ ಮುಂಚೆ, 1775ರಿಂದ 1783ರವರೆಗೆ ಎಂಟು ವರ್ಷ, ಇಂಗ್ಲಿಷರ ವಿರುದ್ಧ ಕಾದಿದ ಸೈನ್ಯಕ್ಕೆ ಅವನು ದಂಡನಾಯಕ. ಈ ಡೇರೆ 1778ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿನಲ್ಲಿ ತಯಾರಾದದ್ದು. ಆಮೇಲೆ ಯುದ್ಧದ ಕಾಲದಲ್ಲಿ ಅವನಿಗೆ ಕಚೇರಿಯೂ ಮಲಗುವ ಮನೆಯೂ ಆಗಿ ಬಳಕೆಯಾದದ್ದು.

ಬಟ್ಟೆ ಎಂದ ಮೇಲೆ ನಮ್ಮ ಕಣ್ಣು ಬೇರೆಯೇ ನೋಡುತ್ತದೆ. ಅದು ಲಿನನ್, ಅಂದರೆ ಅಗಸೆ ಗಿಡದ ನಾರಿನಿಂದ ನೇಯ್ದದ್ದು. ನಾವು ಹುರಿದು ಚಟ್ನಿಪುಡಿ ಮಾಡುವ ಅಗಸೆಯದೇ ನಾರು. ಹೊಲಿಗೆಯಂತ್ರ ಇನ್ನೂ ಹುಟ್ಟದ ಕಾಲ, ಎಲ್ಲ ಕೈಹೊಲಿಗೆ. ಉದ್ದ ಇಪ್ಪತ್ತಡಿ ದಾಟುತ್ತದೆ, ಎರಡೂ ತುದಿ ದುಂಡಗೆ. ಮಾಡಿನ ಅಂಚಿಗೆ ಕಮಾನು ಕಮಾನಾಗಿ ಕತ್ತರಿಸಿದ ಜಾಲರು, ಅದಕ್ಕೆ ಕೆಂಪು ಉಣ್ಣೆಯ ಪಟ್ಟಿ. ನಾವು ಕುಬಸದ ತೋಳಿಗೆ ಗೋಟು ಕೊಡುತ್ತೇವಲ್ಲ, ಥೇಟ್ ಹಾಗೆಯೇ. ಯುದ್ಧದ ನಡುವೆ ಇಂಥ ಅಂಚಿನ ಕೆಲಸ ಮಾಡಿದ ಕೈಗೆ ಶಭಾಷ್ ಅನ್ನಬೇಕು. ಒಳಗೆ ಮೂರು ಭಾಗ. ಒಂದರಲ್ಲಿ ದಂಡನಾಯಕ ಮಲಗುವುದು, ನಡುವೆ ಮೇಜು ಹಾಕಿ ಕಾಗದ ಪತ್ರ ನೋಡುವುದು, ಇನ್ನೊಂದು ತುದಿಯ ಚಿಕ್ಕ ಮೂಲೆಯಲ್ಲಿ ಸಾಮಾನು. ಆ ಸಾಮಾನಿನ ಮೂಲೆಯಲ್ಲಿ ಅವನ ಆಳು ಮಲಗುತ್ತಿದ್ದ ಅನ್ನುತ್ತಾರೆ. ಆ ಆಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

1781ರ ಯಾರ್ಕ್‌ಟೌನ್ ಮುತ್ತಿಗೆಯ ಕಾಲದಲ್ಲಿಯೂ ಈ ಡೇರೆ ಅವನ ಜೊತೆಗಿತ್ತು. ಅಲ್ಲಿ ಅಕ್ಟೋಬರ್ 19ರಂದು ಇಂಗ್ಲಿಷರ ಸೈನ್ಯ ಶರಣಾಯಿತು. ಸೋತ ಸೇನಾಪತಿಯ ಹೆಸರು ಕೇಳಿದರೆ ನಮಗೆ ಅಚ್ಚರಿಯಾಗುತ್ತದೆ. ಅವನೇ ಕಾರ್ನ್‌ವಾಲಿಸ್! ಅಲ್ಲಿ ಸೋತವನು ಗವರ್ನರ್ ಜನರಲ್ ಆಗಿ ನಮ್ಮ ದೇಶಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಒಯ್ದವನು ಇವನೇ. ಟಿಪ್ಪುವೂ ವಾಷಿಂಗ್‌ಟನ್ನನೂ ತೀರಿಕೊಂಡದ್ದು ಒಂದೇ ವರ್ಷ, 1799ರಲ್ಲಿ. ಟಿಪ್ಪುವಿನದೂ ಒಂದು ಡೇರೆ ಉಳಿದಿದೆ. ಹೂವಿನ ಚೀಟಿ ಬಟ್ಟೆಯದು. ಆದರೆ ಅದು ಇರುವುದು ಇಲ್ಲಲ್ಲ, ವೇಲ್ಸ್ ಪ್ರಾಂತದ ಪೋವಿಸ್ ಕೋಟೆಯಲ್ಲಿ, ಕ್ಲೈವ್ ಮನೆತನದವರ ಪಾಲಿಗೆ ಹೋದದ್ದು. ತಮ್ಮ ತೋಟದ ಔತಣಗಳಿಗೆ ಅದನ್ನು ಚಪ್ಪರವಾಗಿ ಹಾಕಿಸುತ್ತಿದ್ದರಂತೆ. ಗೆದ್ದವನ ಸಾಮಾನು ಅವನ ಮನೆಯಲ್ಲಿ ಉಳಿಯುತ್ತದೆ, ಸೋತವನದು ಗೆದ್ದವನ ಮನೆಗೆ ಹೋಗುತ್ತದೆ. ಇರಲಿ, ನಮ್ಮ ಕತೆಗೆ ಬರೋಣ.

ದಂಡನಾಯಕನ ಅಡಿಗೆ ಪೆಟ್ಟಿಗೆ

ಡೇರೆಯ ವಿಷಯ ಮುಂದುವರಿಸುವ ಮೊದಲು ಇನ್ನೊಂದು ಸಾಮಾನಿನ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮುಂದಿನ ತಿಂಗಳು ವಾಷಿಂಗ್‌ಟನ್ ನಗರಕ್ಕೆ ಹೋದಾಗ ಅಲ್ಲಿಯ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿರುವ ಅವನ ವಸ್ತುಗಳ ವಿಷಯ ತಿಳಿಯಿತು. ನೀಲಿ ಕೋಟು, ಹಸಿರು ಬಣ್ಣದ ದಂತದ ಹಿಡಿಯ ಖಡ್ಗ, ಇವೆಲ್ಲ ಇವೆ. ನಮ್ಮ ತಂಗಿಯ ಯಜಮಾನರು ಖಡ್ಗದ ಮಾತು ಮುಗಿಸಲೇ ಇಲ್ಲ. ನನಗೆ ಹಿಡಿಸಿದ್ದು ಮಾತ್ರ ಅವನ ಊಟದ ಪೆಟ್ಟಿಗೆ.

ಒಂದು ಮರದ ಪೆಟ್ಟಿಗೆ, ಒಳಗೆ ಖಾನೆ ಖಾನೆ. ಅದರಲ್ಲಿ ತಗಡಿನ ಪಾತ್ರೆಗಳು. ಅವಕ್ಕೆ ಕಳಚಿ ಇಡುವಂಥ ಮರದ ಹಿಡಿಗಳು, ಒಂದರೊಳಗೊಂದು ಕೂರಲಿ ಅಂತ. ತಗಡಿನ ತಟ್ಟೆಗಳು, ಚಾಕು, ಫೋರ್ಕು. ಕೆಂಡದ ಮೇಲೆ ಮಾಂಸ ಸುಡಲು ಕಾಲು ಮಡಚುವ ಕಬ್ಬಿಣದ ಜಾಲರಿ. ಬಿರಡೆ ಹಾಕಿದ ಗಾಜಿನ ಬಾಟಲಿಗಳು, ಉಪ್ಪು, ಮೆಣಸಿನ ಪುಡಿ, ಸಕ್ಕರೆಗೆ ಬೇರೆ ಬೇರೆ ಗಾಜಿನ ಕುಪ್ಪಿ. ಬೆಂಕಿ ಹೊತ್ತಿಸಲು ಕಿಡಿಪೆಟ್ಟಿಗೆ. ಒಂದಂಗುಲ ಜಾಗ ವ್ಯರ್ಥವಾಗಿಲ್ಲ. ನಾವು ಧರ್ಮಸ್ಥಳಕ್ಕೋ ಎಲ್ಲಮ್ಮನ ಗುಡ್ಡಕ್ಕೋ ಹೊರಟಾಗ ಸ್ಟೋವು, ಬುತ್ತಿ, ಉಪ್ಪಿನ ಡಬ್ಬಿ ಜೋಡಿಸಲು ಎಷ್ಟು ಒದ್ದಾಡುತ್ತೇವೆ! ಸಾವಿರಾರು ಜನರನ್ನು ಆಳಿದ ದಂಡನಾಯಕನೂ ಕೊನೆಗೆ ಉಪ್ಪು ಎಲ್ಲಿದೆ ಅಂತ ಹುಡುಕಬೇಕಾದವನೇ.

ಅವನ ಖಡ್ಗಗಳ ವಿಷಯಕ್ಕೆ ಒಂದು ಮಾತು. ಅವನಿಗೆ ಸ್ವಂತ ಮಕ್ಕಳಿರಲಿಲ್ಲ. ಐದು ಜನ ಸೋದರ ಸಂಬಂಧದ ಹುಡುಗರಿಗೆ ಒಂದೊಂದು ಖಡ್ಗ ಬರೆದಿಟ್ಟ. ಆದರೆ ಸುಮ್ಮನೆ ಕೊಡಲಿಲ್ಲ. ತಮ್ಮ ಜೀವ ಕಾಯಲು, ಇಲ್ಲವೇ ದೇಶವನ್ನೂ ಅದರ ಹಕ್ಕುಗಳನ್ನೂ ಕಾಯಲು ಅಲ್ಲದೆ, ರಕ್ತ ಹರಿಸಲು ಒರೆಯಿಂದ ತೆಗೆಯಬೇಡಿ ಎಂಬ ಕಟ್ಟಳೆ ಹಾಕಿ ಕೊಟ್ಟ. ಅವನ ಮೃತ್ಯುಪತ್ರದಲ್ಲಿ ಇದು ದಾಖಲಾಗಿದೆ.

ಡೇರೆ ಉಳಿದ ಬಗೆ

ಈಗ ನನ್ನ ಮನಸ್ಸು ಹಿಡಿದ ಭಾಗಕ್ಕೆ ಬರುತ್ತೇನೆ. ಕಬ್ಬಿಣದ ಖಡ್ಗ ಇನ್ನೂರೈವತ್ತು ವರ್ಷ ಉಳಿದರೆ ಅದು ಅಂಥ ಸೋಜಿಗವಲ್ಲ. ಬಟ್ಟೆ ಉಳಿಯುವುದು ಹೇಗೆ? ನಮ್ಮ ಮನೆಯಲ್ಲಿ ಒಂದು ಕಂಬಳಿ ನುಸಿಯಿಂದ ಹತ್ತು ವರ್ಷ ತಪ್ಪಿಸಿಕೊಂಡರೆ ದೊಡ್ಡದು.

ವಾಷಿಂಗ್‌ಟನ್ ತೀರಿಕೊಂಡ ಮೇಲೆ ಅವನ ಹೆಂಡತಿ ಮಾರ್ಥಾ 1802ರಲ್ಲಿ ತೀರಿಕೊಂಡಳು. ಮನೆಯ ಸಾಮಾನು ಲಿಲಾವಿಗೆ ಬಂತು. ಮಾರ್ಥಾಳಿಗೆ ಇದು ಎರಡನೆಯ ಮದುವೆ. ಮೊದಲನೆಯ ಗಂಡನ ಕಡೆಯಿಂದ ಆದ ಮೊಮ್ಮಗ ಕಸ್ಟಿಸ್ ಎಂಬವನನ್ನು ಗಂಡಹೆಂಡತಿ ಸಾಕಿ ಬೆಳೆಸಿದ್ದರು. ಆ ಕಸ್ಟಿಸ್ ಲಿಲಾವಿನಲ್ಲಿ ಡೇರೆಗಳನ್ನು ಹಿಡಿದ. ಪೊಟೊಮ್ಯಾಕ್ ಹೊಳೆಯ ದಂಡೆಯ ಗುಡ್ಡದ ಮೇಲೆ ಆರ್ಲಿಂಗ್‌ಟನ್ ಎಂಬ ದೊಡ್ಡ ಮನೆ ಕಟ್ಟಿಸಿ ಅಜ್ಜನ ಸಾಮಾನನ್ನೆಲ್ಲ ಅಲ್ಲಿ ತುಂಬಿದ. ಹಬ್ಬ ಹರಿದಿನಕ್ಕೆ ಅಂಗಳದಲ್ಲಿ ಡೇರೆ ಹಾಕಿಸಿ ಬಂದವರಿಗೆ ತೋರಿಸುತ್ತಿದ್ದ. ತೀರ ಬೇಕಾದವರಿಗೆ ಅದರದೇ ಒಂದು ತುಂಡು ಕತ್ತರಿಸಿ ನೆನಪಿಗೆ ಅಂತ ಕೊಟ್ಟದ್ದೂ ಉಂಟು! ಗಂಡಸರ ಕೈಗೆ ಕತ್ತರಿ ಸಿಕ್ಕರೆ ಹೀಗೇ.

ಕಸ್ಟಿಸ್ 1857ರಲ್ಲಿ ಹೋದ. ಮನೆ, ಸಾಮಾನು ಎಲ್ಲ ಒಬ್ಬಳೇ ಮಗಳು ಮೇರಿಗೆ ಬಂತು. ಅವಳ ಗಂಡ ರಾಬರ್ಟ್ ಲೀ ಅಮೆರಿಕದ ಸೈನ್ಯದಲ್ಲಿ ಅಧಿಕಾರಿ. ಅಷ್ಟರಲ್ಲಿ ಗುಲಾಮಗಿರಿಯ ವಿಷಯವಾಗಿ ದೇಶವೇ ಉತ್ತರ ದಕ್ಷಿಣ ಅಂತ ಎರಡು ಪಾಲಾಗಿ 1861ರಲ್ಲಿ ಅಂತರ್ಯುದ್ಧ ಶುರುವಾಯಿತು. ಲೀ ದಕ್ಷಿಣದವರ ಕಡೆ ಹೋದ. ಆರ್ಲಿಂಗ್‌ಟನ್ ಮನೆಯ ಗುಡ್ಡದಿಂದ ರಾಜಧಾನಿ ಕಣ್ಣಿಗೇ ಕಾಣುತ್ತದೆ. ಉತ್ತರದವರ ಸೈನ್ಯ ಆ ಜಾಗವನ್ನು ಬಿಟ್ಟೀತೇ? ಮೇರಿ ಆ ಮೇ ತಿಂಗಳಲ್ಲಿ ಮನೆ ಬಿಡಬೇಕಾಯಿತು.

ಮನೆ ಬಿಡುವುದು ಅಂದರೆ ಏನೆಂದು ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಬೆಳ್ಳಿ ಸಾಮಾನು, ಬೆಲೆಬಾಳುವ ಕಾಗದ ಪತ್ರ ಮುಂಚೆಯೇ ಸಾಗಿಸಿದಳು. ಒಯ್ಯಲಾಗದ ಪಿಂಗಾಣಿ, ಡೇರೆ, ಅಜ್ಜನ ಕಾಲದ ಮಿಕ್ಕ ವಸ್ತುಗಳನ್ನು ಕೋಣೆಯೊಳಗಿಟ್ಟು ಬೀಗ ಹಾಕಿದಳು. ಬೀಗದ ಕೈ ಗೊಂಚಲನ್ನು ತಂದು ಒಬ್ಬಳ ಕೈಗೆ ಕೊಟ್ಟಳು. ಅವಳೇ ಸೆಲಿನಾ ಗ್ರೇ.

ಸೆಲಿನಾ ಆ ಮನೆಯ ಮನೆವಾರ್ತೆ ನೋಡಿಕೊಳ್ಳುವವಳು. ಸಂಬಳದವಳಲ್ಲ, ಗುಲಾಮಳು. ಅವಳ ತಾಯಿ ತಂದೆಯೂ ಅಲ್ಲಿಯ ಗುಲಾಮರೇ. ಅವಳು ಹುಟ್ಟಿದ್ದೂ 1823ರಲ್ಲಿ ಅಲ್ಲಿಯೇ. ಓದು ಬರಹ ಬರುತ್ತಿತ್ತು. ಮನೆಯ ಹೆಂಗಸರೇ ಕಲಿಸಿದ್ದರು. ಮೇರಿಯ ಮದುವೆ ಆ ದೊಡ್ಡ ಮನೆಯ ಯಾವ ಕೋಣೆಯಲ್ಲಿ ನಡೆದಿತ್ತೋ ಅದೇ ಕೋಣೆಯಲ್ಲಿ ಸೆಲಿನಾಳ ಮದುವೆಯನ್ನೂ ಮಾಡಿಸಿದ್ದರು. ಆದರೆ ಮದುವೆ ಮುಗಿಸಿ ಅವಳು ಹೋದದ್ದು ಹಿತ್ತಿಲ ಕಡೆಯ ಗುಲಾಮರ ಸಾಲುಮನೆಗೆ. ಅಲ್ಲಿ ಒಂದೇ ಕೋಣೆ, ಎಂಟು ಮಕ್ಕಳು.

ಸೈನ್ಯ ಬಂತು. ಮನೆ ಸಿಪಾಯಿಗಳಿಂದ ತುಂಬಿತು. ಸೆಲಿನಾ ದಿನಾ ಬೀಗ ನೋಡಿಕೊಳ್ಳುತ್ತಿದ್ದಳು. ಆದರೂ ಒಂದು ದಿನ ನೋಡಿದರೆ ಕೋಣೆ ಒಡೆದಿದ್ದಾರೆ, ವಾಷಿಂಗ್‌ಟನ್ನನ ಸಾಮಾನುಗಳಲ್ಲಿ ಕೆಲವು ಮಾಯ! ಅವಳು ಸಿಪಾಯಿಗಳ ಎದುರೇ ನಿಂತು, ಇದು ನಮ್ಮ ಅಮ್ಮನವರದು, ಮುಟ್ಟಬೇಡಿ ಎಂದು ಗದರಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ನೇರ ಅಲ್ಲಿಯ ಸೇನಾಪತಿ ಮ್ಯಾಕ್‌ಡೊವೆಲ್‌ನ ಹತ್ತಿರ ಹೋದಳು. ಒಳಗೆ ಇರುವುದು ಯಾರ ಸಾಮಾನು, ಏನೇನು ಹೋಗಿದೆ ಎಂದು ತಿಳಿಸಿದಳು. ಅಷ್ಟು ಸಾಮಾನಿನಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ಹೇಳಬಲ್ಲವಳು ದಿನಾ ಅದನ್ನು ಒರೆಸಿ ಇಟ್ಟವಳೇ ತಾನೇ? ಸೇನಾಪತಿ ಅವಳ ಮಾತು ಕೇಳಿದ. 1862ರ ಆರಂಭದಲ್ಲಿ ಉಳಿದದ್ದನ್ನೆಲ್ಲ ಗಾಡಿಗೆ ಹೇರಿಸಿ ರಾಜಧಾನಿಯ ಪೇಟೆಂಟ್ ಕಚೇರಿಯಲ್ಲಿ ಭದ್ರವಾಗಿ ಇಡಿಸಿದ. ಡೇರೆ ಉಳಿಯಿತು.

ಇಲ್ಲಿ ನಾನು ಬಹಳ ಹೊತ್ತು ಯೋಚನೆ ಮಾಡಿದೆ. ಆಗ ಸೆಲಿನಾಗೆ ಮೂವತ್ತೆಂಟು ವರ್ಷ. ಯಜಮಾನಿ ಊರಲ್ಲಿಲ್ಲ. ಮನೆ ತುಂಬಿದವರು ಗುಲಾಮಗಿರಿಯವರ ವಿರುದ್ಧ ಕಾದುತ್ತಿದ್ದ ಸಿಪಾಯಿಗಳು. ಹೊಳೆ ದಾಟಿದರೆ ರಾಜಧಾನಿ. "ಹೋದರೆ ಹೋಗಲಿ, ನನಗೇನು" ಅಂದಿದ್ದರೆ ಯಾರು ಕೇಳುತ್ತಿದ್ದರು? ಆದರೆ ಹಾಗನ್ನಲಿಲ್ಲ. ನಿಷ್ಠೆ ಅನ್ನುತ್ತಾರೆ ಕೆಲವರು. ನನಗೆ ಅಷ್ಟೇ ಅನ್ನಿಸುವುದಿಲ್ಲ. ಆ ಬೀಗದ ಕೈ ಅವಳ ಕೈಯಲ್ಲಿತ್ತು. ಕೈಯಲ್ಲಿ ಬೀಗದ ಕೈ ಇದ್ದವಳಿಗೆ ಒಂದು ಗತ್ತು ಇರುತ್ತದೆ. ನನ್ನ ಹೊಣೆಯಲ್ಲಿದ್ದಾಗ ಒಂದು ಚಮಚೆಯೂ ಹೋಗಬಾರದು ಎನ್ನುವ ಗತ್ತು. ಅದು ಯಜಮಾನಿಗಾಗಿ ಅಲ್ಲ, ತನಗಾಗಿ. ಇದು ನನ್ನ ಎಣಿಕೆ, ತಪ್ಪಿದ್ದರೂ ಇರಬಹುದು.

ಆ ಮನೆಯ ಗುಲಾಮರನ್ನು ಐದು ವರ್ಷದೊಳಗೆ ಬಿಡುಗಡೆ ಮಾಡಬೇಕೆಂದು ಕಸ್ಟಿಸ್ ಮೃತ್ಯುಪತ್ರದಲ್ಲಿ ಬರೆದಿದ್ದ. ಆ ಕಾಗದಕ್ಕೆ ರುಜು ಬಿದ್ದದ್ದು 1862ರ ಡಿಸೆಂಬರಿನಲ್ಲಿ. ಅಂದರೆ ಸ್ವಾತಂತ್ರ್ಯ ತಂದ ದಂಡನಾಯಕನ ಡೇರೆಯನ್ನು ಉಳಿಸುವ ದಿನ ಅವಳಿಗೇ ಸ್ವಾತಂತ್ರ್ಯ ಇರಲಿಲ್ಲ.

ಡೇರೆಯ ಮೂಲೆಯಲ್ಲಿ ಮಲಗುತ್ತಿದ್ದವ

ಅವಳಷ್ಟೇ ಅಲ್ಲ. ಡೇರೆಯ ಸಾಮಾನಿನ ಮೂಲೆಯಲ್ಲಿ ಒಬ್ಬ ಆಳು ಮಲಗುತ್ತಿದ್ದ ಅಂದೆನಲ್ಲ, ಅವನ ಹೆಸರು ವಿಲಿಯಂ ಲೀ. (ರಾಬರ್ಟ್ ಲೀಗೂ ಇವನಿಗೂ ನಂಟಿಲ್ಲ.) ವಾಷಿಂಗ್‌ಟನ್ ಅವನನ್ನು 1768ರಲ್ಲಿ ದುಡ್ಡು ಕೊಟ್ಟು ಕೊಂಡಿದ್ದ. ಎಂಟು ವರ್ಷದ ಯುದ್ಧದಲ್ಲಿ ಗುಂಡು ಹಾರುವಲ್ಲಿಯೂ ಒಡೆಯನ ಬೆನ್ನ ಹಿಂದೆ ಕುದುರೆಯ ಮೇಲೆ ಇವನು. ಯುದ್ಧದ ನಂತರದ ವರ್ಷಗಳಲ್ಲಿ ಬಿದ್ದು ಎರಡೂ ಮೊಣಕಾಲು ಕೆಟ್ಟವು. ಕೂತಲ್ಲೇ ಚಪ್ಪಲಿ ಹೊಲಿಯುವ ಕೆಲಸಕ್ಕೆ ಹಾಕಿದರು. ವಾಷಿಂಗ್‌ಟನ್ ತನ್ನ ಮೃತ್ಯುಪತ್ರದಲ್ಲಿ ಮಿಕ್ಕ ಗುಲಾಮರ ಬಿಡುಗಡೆ ಹೆಂಡತಿಯ ಕಾಲಾನಂತರ ಎಂದು ಬರೆದರೂ ಇವನೊಬ್ಬನಿಗೆ ಕೂಡಲೇ ಬಿಡುಗಡೆ, ವರ್ಷಕ್ಕೆ 30 ಡಾಲರ್ ಜೀವನಾಂಶ ಎಂದು ಬರೆದ. ಮೊಣಕಾಲು ಹೋದ ಮೇಲೆ ಬಂದ ಬಿಡುಗಡೆ! ಫಿಲಡೆಲ್ಫಿಯಾದ ಸಂಗ್ರಹಾಲಯದವರು ಈ ಮಾತನ್ನು ಮುಚ್ಚಿಡದೆ ಹೇಳುತ್ತಾರೆ. ಅದು ಮೆಚ್ಚುವಂಥದ್ದು.

ಡೇರೆಯ ಮುಂದಿನ ಕತೆ ಬೇಗ ಹೇಳಿಬಿಡುತ್ತೇನೆ. ಯುದ್ಧ ಮುಗಿದ ಮೇಲೆ ಮೇರಿ ತನ್ನ ಸಾಮಾನು ವಾಪಸು ಕೇಳಿದಳು. 1869ರಲ್ಲಿ ಅಧ್ಯಕ್ಷರು ಒಪ್ಪಿದರೂ ಅಲ್ಲಿನ ಶಾಸನಸಭೆ ಅಡ್ಡಹಾಕಿತು. ಅವಳು ಕಳೆದುಕೊಂಡದ್ದು ಸಾಮಾನೊಂದೇ ಅಲ್ಲ. ಅವಳ ಮನೆಯ ಸುತ್ತಲ ನೆಲದಲ್ಲಿ 1864ರಿಂದಲೇ ಸತ್ತ ಸಿಪಾಯಿಗಳನ್ನು ಹೂಳತೊಡಗಿದ್ದರು. 1873ರಲ್ಲಿ ಒಮ್ಮೆ ಗಾಡಿಯಲ್ಲಿ ಬಂದು ನೋಡಿದಳು, ಕೆಳಗೆ ಇಳಿಯಲಿಲ್ಲ. ಅದೇ ವರ್ಷ ತೀರಿಕೊಂಡಳು. ಸಾಮಾನು ಅವಳ ಹಿರೇಮಗನಿಗೆ ಮರಳಿದ್ದು 1901ರಲ್ಲಿ. ಆಮೇಲೆ 1909ರಲ್ಲಿ ಅವಳ ಮಗಳು ಡೇರೆಯನ್ನು ಬರ್ಕ್ ಎಂಬ ಪಾದ್ರಿಗೆ 5,000 ಡಾಲರಿಗೆ ಮಾರಿದಳು. ಬಂದ ಹಣ ದಕ್ಷಿಣದ ಸಿಪಾಯಿಗಳ ಬಡ ಹೆಂಗಸರ ಆಶ್ರಮಕ್ಕೆ. ಪಾದ್ರಿಯ ಹತ್ತಿರ ಅಷ್ಟು ದುಡ್ಡೆಲ್ಲಿ? 500 ಡಾಲರ್ ಮುಂಗಡ ಕೊಟ್ಟು, ಡೇರೆ ನೋಡಲು ಬಂದವರಿಂದ ಕಾಸು ಕೂಡಿಸಿ ಮಿಕ್ಕದ್ದು ತೀರಿಸಿದ. ಆ ಪಾದ್ರಿ ಕೂಡಿಸಿದ್ದೇ ಇಂದಿನ ಸಂಗ್ರಹಾಲಯಕ್ಕೆ ಬುನಾದಿ.

ಬಟ್ಟೆ ಬಹಳ ಜೀರ್ಣವಾಗಿತ್ತು. ಜನಕ್ಕೆ ತೋರಿಸುವ ಮುನ್ನ ಹಳೇ ಬಟ್ಟೆಯ ಕೆಲಸದಲ್ಲಿ ಪಳಗಿದ ಒಬ್ಬ ಹೆಂಗಸು 500 ಗಂಟೆಗಿಂತ ಹೆಚ್ಚು ಹೊತ್ತು ಕೂತು ಅದರ ತೂತುಗಳಿಗೆ ತೇಪೆ ಹಾಕಿ ಸರಿಪಡಿಸಿದರಂತೆ. ಗಾಜಿನ ಹಿಂದೆ ಅದು ಹಗ್ಗ ಬಿಗಿದು ನಿಂತಂತೆ ಕಾಣುತ್ತದೆ. ನಿಜಕ್ಕೂ ಹಗ್ಗದ ಮೇಲೆ ಭಾರವೇ ಇಲ್ಲ. ಒಳಗೆ ಕೊಡೆಯ ಕಡ್ಡಿಗಳ ಹಾಗೆ ಒಂದು ಚೌಕಟ್ಟು ಇಟ್ಟು ಬಟ್ಟೆಗೆ ನೋವಾಗದಂತೆ ಹೊದಿಸಿದ್ದಾರೆ. ಹಳೇ ರೇಷ್ಮೆ ಸೀರೆಯನ್ನು ಮೊಳೆಗೆ ನೇತುಹಾಕಿದರೆ ಹೆಗಲ ಹತ್ತಿರ ಹರಿಯುತ್ತದಲ್ಲ, ಅದೇ ಕಾರಣ.

ಸೆಲಿನಾಳ ಕೋಣೆ

ಆರ್ಲಿಂಗ್‌ಟನ್‌ಗೂ ಹೋದೆವು. ಗುಡ್ಡದ ತುಂಬ ಬಿಳೀ ಕಲ್ಲುಗಳ ಸಾಲು. ಅಲ್ಲಿ ಈಗ ನಾಲ್ಕು ಲಕ್ಷಕ್ಕೂ ಹೆಚ್ಚು ಸಮಾಧಿಗಳಿವೆ. ದೊಡ್ಡ ಮನೆಯನ್ನು ನೋಡುವವರು ನೋಡಲಿ ಅಂತ ನಾನು ಹಿಂದಿನ ಸಾಲುಮನೆಗೆ ಹೋದೆ. ಅಲ್ಲಿ ನಿಂತು ಎಂಟು ಮಕ್ಕಳ ಹಾಸಿಗೆ ಎಲ್ಲಿ ಹಾಸುತ್ತಿದ್ದಳೋ ಅಂತ ಲೆಕ್ಕ ಹಾಕಿದೆ. ಅಭ್ಯಾಸ, ಬಿಡುವುದಿಲ್ಲ.

ಬಿಡುಗಡೆಯಾದ ಮೇಲೆ ಸೆಲಿನಾ ಮತ್ತು ಗಂಡ ಹತ್ತಿರದಲ್ಲೇ ಹತ್ತು ಎಕರೆ ಹೊಲ ಕೊಂಡು ಕಾಯಿಪಲ್ಲೆ ಬೆಳೆದು ಪೇಟೆಗೆ ಮಾರಿ ಬದುಕಿದರು. ಇದನ್ನು ಓದಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳಲಾರೆ. 1872ರಲ್ಲಿ ಅವಳು ಮೇರಿಗೆ ಬರೆದ ಒಂದು ಕಾಗದ ಉಳಿದಿದೆ. ಅವಳು ತೀರಿಕೊಂಡದ್ದು 1907ರಲ್ಲಿ. ಆಮೇಲೆ ಸರ್ಕಾರದವರು ಆ ಮನೆಯನ್ನು ಮೊದಲಿನಂತೆ ಮಾಡಲು ಹೊರಟಾಗ ಯಾವ ಕೋಣೆಯಲ್ಲಿ ಏನಿತ್ತು ಎಂದು ಹೇಳಿಕೊಟ್ಟವರು ಸೆಲಿನಾಳ ಹೆಣ್ಣುಮಕ್ಕಳು. ತಾಯಿಯ ಬೀಗದ ಕೈ ಮಕ್ಕಳ ಬಾಯಲ್ಲಿ ಉಳಿದಿತ್ತು ಅನ್ನಬೇಕು.

ಇನ್ನೊಂದು ಸಂಗತಿ. ಸೆಲಿನಾಳೂ ಅವಳ ಇಬ್ಬರು ಹೆಣ್ಣುಮಕ್ಕಳೂ ಇರುವ ಒಂದು ಹಳೇ ಫೋಟೋ 2014ರಲ್ಲಿ ಇಂಗ್ಲೆಂಡಿನಿಂದ ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಬಂತು. ಫೋಟೋದ ಮೇಲೆ ಬರೆದದ್ದು ಜನರಲ್ ಲೀಯ ಗುಲಾಮರು ಎಂದಷ್ಟೇ, ಅವಳ ಹೆಸರಿಲ್ಲ. ಆರ್ಲಿಂಗ್‌ಟನ್ ಮನೆಯ ಹಿತೈಷಿಗಳು ಗುರುತು ಹಿಡಿದು ಸುಮಾರು 700 ಡಾಲರ್ ಕೊಟ್ಟು ತರಿಸಿದರು. ದಂಡನಾಯಕನ ಡೇರೆ ಉಳಿಸಿದವಳ ಚಿತ್ರ ಹಾಗೆ ಮನೆಗೆ ಬಂತು.

ಊರಿಗೆ ಬಂದ ವಾರದಲ್ಲೇ ಮಾವನವರ ಟ್ರಂಕು ಮತ್ತೆ ತೆಗೆದೆ. ಕೋಟಂತೂ ಹೋಯಿತು. ಆದರೆ ಟೋಪಿ ಇತ್ತು, ಎರಡು ಪದಕ, ಒಂದು ಉಣ್ಣೆಯ ಮಫ್ಲರು. ಫಿಲಡೆಲ್ಫಿಯಾದಲ್ಲಿ ಕೇಳಿ ತಿಳಿದದ್ದನ್ನೂ ನಮ್ಮ ಹಿರಿಯರು ಮಾಡುತ್ತಿದ್ದುದನ್ನೂ ಸೇರಿಸಿ ಹೇಗಿಟ್ಟೆ ಎಂದು ಹೇಳುತ್ತೇನೆ, ನಿಮ್ಮಲ್ಲಿಯೂ ಮದುವೆಯ ಸೀರೆಯೋ ಅಜ್ಜನ ರುಮಾಲೋ ಇದ್ದರೆ ಉಪಯೋಗಕ್ಕೆ ಬಂದೀತು. ಮೊದಲು ನೆರಳಿನಲ್ಲಿ ಹರವಿ ಗಾಳಿಯಾಡಿಸಿ, ಬಿಸಿಲಿಗೆ ಹಾಕಬೇಡಿ, ಬಣ್ಣವೂ ನೂಲೂ ಸುಡುತ್ತವೆ. ಪಿನ್ನು, ಕಬ್ಬಿಣದ ಗುಂಡಿ ಇದ್ದರೆ ತೆಗೆದು ಬೇರೆ ಇಡಿ, ತುಕ್ಕಿನ ಕಲೆ ಹೋಗುವುದೇ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಗಂಜಿ ಹಾಕದೆ ಒಗೆದು ಚೆನ್ನಾಗಿ ಒಣಗಿಸಿದ ಹಳೇ ಬಿಳೀ ಪಂಚೆಯಲ್ಲಿ ಸುತ್ತುವುದು ಎಲ್ಲಕ್ಕಿಂತ ಒಳ್ಳೆಯದು. ಒಣಗಿದ ಬೇವಿನ ಎಲೆಯನ್ನು ಸಣ್ಣ ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಗಿಡಿ, ಬಟ್ಟೆಗೆ ನೇರ ತಾಗದಿರಲಿ. ವರ್ಷಕ್ಕೆರಡು ಸಲ ತೆಗೆದು ಮಡಿಕೆ ಬದಲಾಯಿಸಿ. ಒಂದೇ ಮಡಿಕೆಯಲ್ಲಿ ಇಟ್ಟರೆ ಬಟ್ಟೆ ಹರಿಯುವುದು ಆ ಗೆರೆಯಲ್ಲೇ.

ಟ್ರಂಕಿನ ತಳದಲ್ಲಿ ಒಂದು ಖಾನೆ ಖಾಲಿ ಇತ್ತು. "ಇಲ್ಲಿ ಏನಿತ್ತತ್ತೀ?" ಅಂತ ಅತ್ತೆಯವರನ್ನು ಕೇಳಿದೆ. ಅವರು ಅಡಿಗೆಮನೆಯ ಕಡೆ ಕೈ ತೋರಿಸಿದರು. ನಾನು ಹತ್ತು ವರ್ಷದಿಂದ ಅಕ್ಕಿ ಅಳೆಯುವ ಬಿಳೀ ಎನಾಮಲ್ ಮಗ್ಗು, ಅಂಚಿನಲ್ಲಿ ನೀಲಿ ಗೆರೆ, ಹಿಡಿಯ ಹತ್ತಿರ ಚಕ್ಕೆ ಎದ್ದಿದೆ. ಅದು ಮಾವನವರು ಮಿಲಿಟರಿಯಲ್ಲಿ ಚಹಾ ಕುಡಿಯುತ್ತಿದ್ದದ್ದಂತೆ! ಆ ಚಕ್ಕೆ ಎದ್ದದ್ದು ಎಲ್ಲಿ, ಯಾವ ವರ್ಷ, ಆಗ ಅವರು ಮನೆಗೆ ಏನೆಂದು ಕಾಗದ ಬರೆದಿದ್ದರು ಎಂದು ಅತ್ತೆಯವರು ರಾತ್ರಿ ಊಟದ ಹೊತ್ತಿನ ತನಕ ಹೇಳಿದರು. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ನಾನು ಬರೆದುಕೊಂಡೆ. ನಡುನಡುವೆ ನಮ್ಮವರೂ ಬಂದು ಕೂತು ತಾವು ಕೇಳಿದ್ದನ್ನು ಸೇರಿಸಿದರು. ಆ ಹಾಳೆಯನ್ನು ಮಡಚಿ ಟೋಪಿಯ ಜೊತೆ ಇಟ್ಟಿದ್ದೇನೆ. ಮಗ್ಗು ಮಾತ್ರ ಅತ್ತೆಯವರು ಟ್ರಂಕಿಗೆ ಹಾಕಗೊಡಲಿಲ್ಲ. "ಅಕ್ಕಿ ಅಳೀಲಿ ಬಿಡು, ದಿನಾ ಕಣ್ಣಿಗೆ ಬೀಳತೈತಿ" ಅಂದರು.